ಗಂಟಿಲ್ಲದ ಕೆಚ್ಚು

ನಮ್ಮಕ್ಕ ಕೀಬೋರ್ಡು ಕಲಿತದ್ದು ಬನಿಯನ್ ಡಬ್ಬಿಯ ರಟ್ಟಿನ ಮೇಲೆ. ಆಫೀಸಿನ ಕೀಬೋರ್ಡನ್ನು ಕಣ್ಣಲ್ಲೇ ಅಳೆದುಕೊಂಡು ಬಂದು ನಾನೇ ಸ್ಕೆಚ್ ಪೆನ್ನಿನಲ್ಲಿ ಚೌಕ ಹಾಕಿ, ಒಳಗೆ ಇಂಗ್ಲಿಷ್ ಅಕ್ಷರ ಬರೆದುಕೊಟ್ಟಿದ್ದೆ. ಮಗ್ಗದ ಗುಂಡಿಯ ಅಂಚಿನಲ್ಲಿ ಅದನ್ನಿಟ್ಟುಕೊಂಡು ಅವಳು ಬೆರಳು ಆಡಿಸುತ್ತಿದ್ದರೆ ಅಮ್ಮ ಒಳಗಿನಿಂದ, "ರಟ್ಟು ಕುಟ್ಟಿದರೆ ಹಿಟ್ಟು ಬರುತ್ತಾ?" ಅಂತ ಕೂಗುತ್ತಿದ್ದಳು. ಅಕ್ಕ ತಲೆ ಎತ್ತದೆ, "ಬರುತ್ತೆ ಇರಮ್ಮಾ," ಅನ್ನುತ್ತಿದ್ದಳು.

ನಾವು ತಮಿಳುನಾಡಿನ ಕುನ್ನತ್ತೂರಿನ ನೇಯ್ಗೆ ಬೀದಿಯವರು. ನಮ್ಮವರು ಯಾವ ಕಾಲದಲ್ಲಿ ಕನ್ನಡ ನಾಡು ಬಿಟ್ಟು ಆ ಕಡೆ ಹೋದರೋ ಯಾರಿಗೂ ಗೊತ್ತಿಲ್ಲ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಒಳಗಿನ ಕನ್ನಡದಲ್ಲೂ ಅರ್ಧ ತಮಿಳೇ. ಅಕ್ಷರವಂತೂ ಒಬ್ಬರಿಗೂ ಬರುತ್ತಿರಲಿಲ್ಲ. ನಾನು ಕನ್ನಡ ಓದಲು ಬರೆಯಲು ಕಲಿತದ್ದು ಮದುವೆಯಾಗಿ ಚಾಮರಾಜನಗರದ ಕಡೆಗೆ ಬಂದ ಮೇಲೆ, ಮಗಳ ಒಂದನೇ ಕ್ಲಾಸಿನ ಪುಸ್ತಕದಿಂದ. ಆದ್ದರಿಂದ ನನ್ನ ಮಾತಿನಲ್ಲಿ ಕಲ್ಲು ಸಿಕ್ಕರೆ ಉಗಿದುಬಿಡಿ, ನನ್ನನ್ನು ಬೈಯಬೇಡಿ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ತಿರುಪ್ಪೂರಿನ ಒಂದು ಬನಿಯನ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕಂಪ್ಯೂಟರ್ ಆಪರೇಟರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಕ್ಕ ಮನೆಯಲ್ಲಿ. ಅವಳ ಗಂಡ ಈರೋಡಿನಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ, ಇವಳು ಟ್ರಂಕು ಹಿಡಿದುಕೊಂಡು ವಾಪಸ್ ಬಂದಳು. ಅಪ್ಪ ಒಂದು ಮಾತೂ ಆಡಲಿಲ್ಲ. ಅಮ್ಮ ಆಡುತ್ತಿದ್ದಳು, ಅನ್ನ ಬಡಿಸುವ ಹೊತ್ತಿಗೇ ಆಡುತ್ತಿದ್ದಳು. ತಟ್ಟೆ ಮುಂದೆ ಕೂತವಳು ಎದ್ದು ಹೋಗುವಂತಿಲ್ಲ, ತಿನ್ನುವಂತಿಲ್ಲ. ಹತ್ತನೇ ಕ್ಲಾಸು ಚೆನ್ನಾಗಿ ಪಾಸು ಮಾಡಿದ್ದ ಹುಡುಗಿ ಅವಳು, ನನಗಿಂತ ಬುದ್ಧಿವಂತೆ. ಅವಳಿಗೆ ಬೇಕಾಗಿದ್ದದ್ದು ಒಂದು ಕುರ್ಚಿ. "ನಿನ್ನ ಪಕ್ಕದಲ್ಲಿ ಒಂದು ಸೀಟು ಸಿಕ್ಕಿದರೆ ಸಾಕು ಕಣೇ, ಅಲ್ಲಿ ಯಾರೂ ನಿನ್ನ ಗಂಡ ಎಲ್ಲಿ ಅಂತ ಕೇಳಲ್ಲ ಅಲ್ವಾ?" ಅಂತ ಒಂದು ಸಲ ಕೇಳಿದಳು. ಕೇಳುತ್ತಾರೆ ಅಂತ ನನಗೆ ಗೊತ್ತಿತ್ತು. ಆದರೂ ಇಲ್ಲ ಅಂದೆ.

ಆಫೀಸಿನ ಕಥೆ ಹೇಳುತ್ತೇನೆ. ಮಹಡಿಯ ಮೇಲೆ ಅಕೌಂಟ್ಸ್. ಅಲ್ಲಿ ಯುನಿಕ್ಸ್ ಅನ್ನುವ ಜಾತಿಯ ದೊಡ್ಡ ಮೆಷಿನ್ ಇತ್ತು, ಅದಕ್ಕೊಂದು ತಣ್ಣನೆಯ ಗಾಜಿನ ರೂಮು, ಚಪ್ಪಲಿ ಹೊರಗೆ ಬಿಡಬೇಕು. ಕೆಳಗೆ ಪ್ಯಾಕಿಂಗ್ ಮತ್ತು ಶಿಪ್ಪಿಂಗ್. ಅಲ್ಲಿಗೆ ಮೊದಲಾಳಿಯ ಅಳಿಯ ಬೇರೆ ಕಡೆಯಿಂದ ಅಗ್ಗಕ್ಕೆ ಸಿಕ್ಕವು ಅಂತ ಡಾಸ್ ಅನ್ನುವ ಇನ್ನೊಂದು ಜಾತಿಯ ಪೆಟ್ಟಿಗೆಗಳನ್ನು ತಂದಿಟ್ಟಿದ್ದ. ಮೊದಲಾಳಿ ಅಂದರೆ ನಮ್ಮ ಯಜಮಾನರು. ಅಲ್ಲೆಲ್ಲ ಹಾಗೇ ಕರೆಯುವುದು. ಕೆಳಗೆ ಪೆಟ್ಟಿಗೆ ಲೆಕ್ಕ, ಮೇಲೆ ಬಿಲ್ಲು. ಎರಡೂ ಒಂದೇ ಪ್ರೋಗ್ರಾಮಿನಲ್ಲಿ ಇರಲಿ ಅಂತ ಅವರಿಗೆ ಆಸೆಯಾಯಿತು. ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಬಂದ. ಮೇಲಿನಿಂದ ಕೆಳಕ್ಕೆ ಒಂದು ಕಪ್ಪು ವೈರ್ ಎಳೆದ. ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಇಳಿದು, ಕಬ್ಬಿಣದ ಬೀರುವಿನ ಹಿಂದೆ ಹಾದು, ಕೆಳಗಿನ ಮೆಷಿನ್‌ಗಳಿಗೆ ಹೋಗುವ ವೈರು. ಅಲ್ಲಲ್ಲಿ ಕರೀ ಟೇಪು ಸುತ್ತಿ ಮೊಳೆಗೆ ಬಿಗಿದಿದ್ದರು.

"ಜಾತಿ ಬಿಟ್ಟು ಜಾತಿ ಮದುವೆ ಮಾಡಿಸಿದ್ದೀಯ ತಂಬಿ, ನಾಳೆ ಪಂಚಾಯಿತಿಗೆ ನನ್ನ ಕರೀಬೇಡ," ಅಂತ ಮೊದಲಾಳಿ ನಕ್ಕರು.

ಮೊದಮೊದಲು ಸಂಸಾರ ಚೆನ್ನಾಗಿಯೇ ನಡೆಯಿತು. ಕೆಳಗೆ ಪೆಟ್ಟಿಗೆ ನಂಬರು ಹೊಡೆದರೆ ಮೇಲೆ ನನ್ನ ಪರದೆಯಲ್ಲಿ ಹಸಿರು ಅಕ್ಷರ ಪಟ್ಟನೆ ಬರುತ್ತಿತ್ತು. ನಾನು ಮನೆಗೆ ಬಂದು ಕೈ ತಿರುಗಿಸಿ ತಿರುಗಿಸಿ ಹೇಳಿದ್ದೇ ಹೇಳಿದ್ದು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ಅದರ ಹಿಂದಿನ ದಿನ ಕೆಲಸದವರೆಲ್ಲ ಮನೆಯವರನ್ನೂ ಕರೆದುಕೊಂಡು ಬಂದು ಕಂಪನಿ ತೊಳೆಯುತ್ತಾರೆ. ಮೆಷಿನ್ ಎಲ್ಲ ಆಫ್. ನಾನು ಬೇಕು ಅಂತಲೇ ಅಕ್ಕನನ್ನು ಕರೆದುಕೊಂಡು ಹೋದೆ, ಮೊದಲಾಳಿಯ ಕಣ್ಣಿಗೆ ಬೀಳಲಿ ಅಂತ. ಬಿದ್ದಳು. ಅವಳು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಉಜ್ಜುತ್ತಿದ್ದಾಗ ಅವರು ಬಂದರು.

"ಯಾರು ಅಮ್ಮುಣಿ ಇದು?" ಅಂತ ನನ್ನ ಕೇಳಿದರು. ಅಮ್ಮುಣಿ ಅಂದರೆ ಆ ಕಡೆ ಮಗಳೇ ಅಂದ ಹಾಗೆ.

"ನಮ್ಮಕ್ಕಂಗ. ಹತ್ತು ಓದಿದಾಳೆ. ಕೀಬೋರ್ಡು ಬರುತ್ತೆ," ಅಂದೆ ತಮಿಳಿನಲ್ಲಿ. ಮಾತಿನ ಕೊನೆಗೆ "ಂಗ" ಸೇರಿಸಿದರೆ ಆ ಕಡೆ "ರೀ" ಅಂದ ಹಾಗೆ. ರಟ್ಟಿನ ವಿಷಯ ಹೇಳಲಿಲ್ಲ.

"ಹೌದಾ? ಈ ಮೆಷಿನ್ ದೀಪಾವಳಿಯ ತನಕ ತೊಂದರೆ ಕೊಡದೆ ಓಡಲಿ. ಬೋನಸ್ ಪಟ್ಟಿ ಇದರಲ್ಲೇ ತೆಗೆಯೋಣ. ಆಮೇಲೆ ಇನ್ನೊಂದು ಸೀಟು ಹಾಕಬೇಕು, ಇವಳನ್ನೇ ಕೂರಿಸು. ಓಡದಿದ್ದರೆ ಮಾತ್ರ ಎಲ್ಲ ಕಟ್ಟಿ ವಾಪಸ್ ಕಳಿಸ್ತೀನಿ, ಹಳೇ ಪುಸ್ತಕವೇ ಸಾಕು."

ಅಕ್ಕ ಒದ್ದೆ ಕೈಯಲ್ಲೇ ಕೈ ಮುಗಿದಳು. ಆಮೇಲೆ ಅವಳಿಗೆ ಎಲ್ಲಿಂದ ಬಂತೋ ಶಕ್ತಿ, ಇಬ್ಬರು ಹೆಂಗಸರನ್ನು ಕರೆದುಕೊಂಡು ಆ ಕಬ್ಬಿಣದ ಬೀರುವನ್ನೇ ಪಕ್ಕಕ್ಕೆ ಎಳೆದು ಹಿಂದಿನ ಧೂಳೆಲ್ಲ ತೆಗೆದಳು. ನಾನು ಮೇಲೆ ಪರದೆಗಳಿಗೆ ಶ್ರೀಗಂಧ ಇಡುತ್ತಿದ್ದೆ.

ಪೂಜೆ ಮುಗಿಯಿತು. ಆಯುಧ ಮುಟ್ಟಬಾರದ ದಿನವೂ ಕಳೆಯಿತು. ಬೆಳಿಗ್ಗೆ ಹೋಗಿ ಮೆಷಿನ್ ಹಾಕಿದರೆ, ಅಯ್ಯೋ ಸ್ವಾಮಿ!

ಕೆಳಗೆ ಶಿಪ್ಪಿಂಗಿನ ಹುಡುಗನೊಬ್ಬ ಮಾಲು ಕೊಳ್ಳುವ ಪಾರ್ಟಿಯ ಹೆಸರು ಹೊಡೆದ. ಪರದೆಯಲ್ಲಿ ಸಣ್ಣ ಗೀಟು ಮಿಣಮಿಣ ಅನ್ನುತ್ತಾ ನಿಂತಿತು. ನಿಂತೇ ಇತ್ತು. ಅವನು ಹೋಗಿ ಟೀ ಕುಡಿದು ಬಂದ, ಆಗ ಹೆಸರಿನ ಅರ್ಧ ಬಂದಿತ್ತು. ಶಿಪ್ಪಿಂಗಿನವರು ಮೆಟ್ಟಿಲ ಬುಡದಲ್ಲಿ ನಿಂತು "ಬಂತಾ?" ಅಂತ ಮೇಲಕ್ಕೆ ಕೂಗುವುದು, ನಾನು "ಇಲ್ಲ!" ಅಂತ ಕೆಳಕ್ಕೆ ಕೂಗುವುದು. ಕೊನೆಗೆ ಅವರು ನಂಬರನ್ನೇ ಕೂಗಿ ಹೇಳುವುದು, ನಾನು ಹೊಡೆಯುವುದು. ಅಷ್ಟು ದುಡ್ಡು ಸುರಿದು ಎಳೆದ ವೈರಿಗಿಂತ ನನ್ನ ಗಂಟಲೇ ವೇಗವಾಗಿತ್ತು. ಒಂದೊಂದು ಸಲ ಎಲ್ಲ ಗಕ್ಕನೆ ನಿಂತು, ಹೊಡೆದದ್ದೆಲ್ಲ ಮಾಯವಾಗಿ, ಮೊದಲಿನಿಂದ ಶುರು.

ಇಂಜಿನಿಯರ್ ಓಡಿ ಬಂದ. ಚಿಕ್ಕ ವಯಸ್ಸು, ಕನ್ನಡಕ. ನನ್ನ ಮನೆಮಾತು ಕನ್ನಡ ಅಂತ ತಿಳಿದಾಗ ಖುಷಿಯಾಗಿ ಮಾತಾಡಿಸಿದ್ದ. ಆದರೆ ನಾನು ಬಾಯಿ ಬಿಟ್ಟರೆ ತುಟಿ ಕಚ್ಚಿ ನಗುತ್ತಿದ್ದ. "ಇದು ಯಾವೂರ ಕನ್ನಡ ಕಣ್ರೀ?" ಅಂತ ಕೇಳಿದ. "ನಮ್ಮೂರ ಕನ್ನಡ. ನಿಮ್ಮದು ಯಾವೂರದು?" ಅಂದೆ. ಆಮೇಲೆ ನನ್ನ ಮುಂದೆ ನಗುವುದು ಬಿಟ್ಟ.

ಪಾಪ, ಅವನು ಮಾಡದ ಕೆಲಸವಿಲ್ಲ. ಪ್ರೋಗ್ರಾಮಿನ ಫೈಲುಗಳನ್ನೆಲ್ಲ ಬಿಡಿಸಿ ಮತ್ತೆ ಜೋಡಿಸಿದ. ಒಬ್ಬರು ಪುಟ ತೆರೆದಿದ್ದರೆ ಇನ್ನೊಬ್ಬರು ಕಾಯಬೇಕಾಗುತ್ತೆ, ಅದಕ್ಕೇ ನಿಧಾನ ಅಂತ, ಎಲ್ಲರನ್ನೂ ಎಬ್ಬಿಸಿ ಒಬ್ಬೊಬ್ಬರನ್ನೇ ಕೂರಿಸಿ ನೋಡಿದ. ಒಬ್ಬನೇ ಕೂತರೂ ಅದೇ ಆಮೆ. ಪ್ರಿಂಟರ್ ತೆಗೆದ, ಹಾಕಿದ. ಕೆಳಗಿನ ಪೆಟ್ಟಿಗೆಗಳ ಹೊಟ್ಟೆ ಬಿಚ್ಚಿ ಒಳಗಿನ ಕಾರ್ಡು ಬದಲಾಯಿಸಿದ. ಮೇಲಿನ ನನ್ನ ಪರದೆ ಮಾತ್ರ ಚೆನ್ನಾಗಿ ಓಡುತ್ತಿತ್ತು, ಏಕೆಂದರೆ ಅದು ದೊಡ್ಡ ಮೆಷಿನ್ನಿನ ಮಗ್ಗುಲಲ್ಲೇ ಇದ್ದದ್ದು. ಕೆಳಗಿನವೆಲ್ಲ ಸತ್ತ ಹಾಗೆ. ವೈರಿನ ಮೇಲೂ ಅವನಿಗೆ ಅನುಮಾನ ಬಂತು. ಎರಡೂ ತುದಿಯಲ್ಲಿ ಮೀಟರ್ ಇಟ್ಟು ನೋಡಿದ. ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಗೋಡೆ ಉದ್ದಕ್ಕೂ ಕಣ್ಣಾಡಿಸಿದ, ಬರೀ ಟೇಪು ಸುತ್ತಿದ ಜಾಗಗಳು. ಹೊಸ ವೈರ್ ಹಾಕಿ ನೋಡೋಣ ಸಾರ್ ಅಂದದ್ದಕ್ಕೆ ಮೊದಲಾಳಿ, "ಇದೇ ಹೊಸದು. ಮಾವನ ಮನೆ ಅನ್ಕೊಂಡಿದ್ದೀಯಾ?" ಅಂದರು.

ಕೊನೆಗೆ ಅವನು ಎರಡು ಜಾತಿಯ ಮೇಲೇ ತಪ್ಪು ಹಾಕಿದ. "ಯುನಿಕ್ಸಿಗೂ ಡಾಸಿಗೂ ಹೊಂದಾಣಿಕೆ ಇಲ್ಲ ಕಣ್ರೀ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅನ್ನೋ ಹಾಗೆ."

"ಹಬ್ಬದ ಮುಂಚೆ ಎರಡೂ ಒಂದೇ ಕಡೆ ಎಳೀತಿದ್ದವಲ್ಲ?" ಅಂದೆ.

ಅವನು ಸ್ಕ್ರೂ ಡ್ರೈವರ್ ಹಿಡಿದು ಮತ್ತೆ ಕೆಳಗೆ ಹೋದ. ನಾನು ಶ್ರೀಗಂಧ ಒಳಗೆ ಹೋಗಿರಬಹುದು ಅಂತ ಪರದೆಗಳ ಸಂದಿಯನ್ನೆಲ್ಲ ಬಟ್ಟೆಯಲ್ಲಿ ಒರೆಸಿದೆ. ರಾಹುಕಾಲದಲ್ಲಿ ಪೂಜೆ ಮಾಡಿಬಿಟ್ಟರು ಅಂತ ಪ್ಯಾಕಿಂಗಿನವರು ಮಾತಾಡಿಕೊಂಡರು. ಯಾರೋ ಮೆಷಿನ್‌ಗೆ ನಿಂಬೆಹಣ್ಣು ಕಟ್ಟಿದರು. ನಾನು ಮೊದಲು ನಕ್ಕೆ. ಮಧ್ಯಾಹ್ನದ ಹೊತ್ತಿಗೆ, ಇದಾದರೂ ಕೆಲಸ ಮಾಡಲಪ್ಪಾ ಅಂತ ಬೇಡಿಕೊಂಡೆ.

ಮನೆಯಲ್ಲಿ ಅಕ್ಕ ದಿನಾ ಬಾಗಿಲಲ್ಲೇ ಕಾಯುತ್ತಿದ್ದಳು. "ಓಡ್ತಾ?"

"ಇಲ್ಲ ಕಣಕ್ಕಾ."

"ನಾಳೆ ಓಡುತ್ತೆ ಬಿಡು," ಅನ್ನುವಳು. ಹೋಗಿ ರಟ್ಟಿನ ಮುಂದೆ ಕೂರುವಳು. ಅಕ್ಷರ ಎಲ್ಲ ಅಳಿಸಿಹೋಗಿತ್ತು. ಮತ್ತೆ ಬರೆದುಕೊಡಲಾ ಅಂದರೆ ಬೇಡ, ಬೆರಳಿಗೆ ಗೊತ್ತು ಅಂದಳು. ಗೊತ್ತೇ ಇತ್ತು. ನಾನು ಹೇಳಿದ ಹೆಸರನ್ನು ಕಣ್ಣು ಮುಚ್ಚಿ ಹೊಡೆಯುತ್ತಿದ್ದಳು, ತಪ್ಪಿಲ್ಲದೆ. ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಅಂತ ತಿಳಿಯದ ಸಿಟ್ಟು. ಬಡವನ ಕೋಪ ದವಡೆಗೆ ಮೂಲ ಅಂತಾರಲ್ಲ, ಹಲ್ಲು ಕಚ್ಚಿ ಕಚ್ಚಿ ನನ್ನ ದವಡೆ ನಿಜವಾಗಲೂ ನೋಯುತ್ತಿತ್ತು.

ಒಂದು ದಿನ ಅಕ್ಕ ತಾನೇ ಬಸ್ಸು ಹತ್ತಿ ನನಗೆ ಊಟದ ಡಬ್ಬಿ ತಂದಳು. ಡಬ್ಬಿ ಒಂದು ನೆಪ, ಮೆಷಿನ್ ನೋಡಬೇಕಿತ್ತು ಅವಳಿಗೆ. ನಾನು ಮೇಲೆ ಮೊದಲಾಳಿಯ ಹತ್ತಿರ ಬೈಸಿಕೊಳ್ಳುತ್ತಿದ್ದೆ. ಕೆಳಗೆ ಇಂಜಿನಿಯರ್ ನೆಲದ ಮೇಲೆ ಮಂಡಿಯೂರಿ ಕೂತು ಏನೋ ನೋಡುತ್ತಿದ್ದನಂತೆ, ಅಕ್ಕ ಅವನನ್ನು ಮಾತಾಡಿಸಿದಳಂತೆ. ಅವಳು ಹೋದ ಮೇಲೆ ಅವನು ಮೇಲೆ ಬಂದ.

"ನಿಮ್ಮಕ್ಕ ಬಂದಿದ್ರು. ಅವರ ಮಾತು ನಾಲ್ಕರಲ್ಲಿ ಒಂದು ತಿಳಿದರೆ ಹೆಚ್ಚು ನನಗೆ. ಆದರೆ ಬಹಳ ಕೆಚ್ಚು ಕಣ್ರೀ ಅವರಿಗೆ. ಅವರೇ ಹೇಳಿದ್ರು."

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮಗ್ಗದಲ್ಲಿ ಎಳೆ ಹರಿದರೆ, ಹರಿದ ಎರಡು ತುದಿಯನ್ನು ಸೇರಿಸಿ, ಬೆರಳಿಗೆ ಒಂದಿಷ್ಟು ಬೂದಿ ಮುಟ್ಟಿಸಿಕೊಂಡು, ಗಂಟು ಹಾಕದೆ ಹೊಸೆದು ಒಂದು ಮಾಡುತ್ತೇವೆ. ಹೊಸ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹಾಕುವ ನೂಲು, ಬಂದಾಗ ಹಳೆಯ ಹಾಸಿನ ತುದಿಗೂ ಹಾಗೇ ಒಂದೊಂದೇ ಎಳೆ ಸೇರಿಸುತ್ತೇವೆ. ಅದಕ್ಕೆ ನಮ್ಮಲ್ಲಿ ಕೆಚ್ಚುವುದು ಅನ್ನುತ್ತಾರೆ. ನಮಗೆ ಆ ಮಾತಿಗೆ ಬೇರೆ ಅರ್ಥವೇ ಇಲ್ಲ. ಅಕ್ಕ ಮನೆಯ ಮಗ್ಗದ ವಿಷಯ ಏನೋ ಹೇಳಿದ್ದಾಳೆ, ಇವನು ಅದನ್ನು ಹೊಗಳುತ್ತಿದ್ದಾನೆ ಅಂತ ನನಗೆ ಹೆಮ್ಮೆಯಾಯಿತು.

"ಹೌದು. ನಮ್ಮ ಬೀದಿಯಲ್ಲೇ ಅವಳಷ್ಟು ಕೆಚ್ಚು ಯಾರಿಗೂ ಇಲ್ಲ," ಅಂದೆ.

"ಇರಬೇಕು, ಹೆಣ್ಣುಮಕ್ಕಳಿಗೆ ಇರಬೇಕು."

"ನನಗೆ ಅಷ್ಟು ಬರಲ್ಲ. ನನ್ನದು ಗಂಟು ಗಂಟು."

"ಅಯ್ಯೋ, ನಿಮಗೂ ಇದೆ ಬಿಡಿ, ಮೊದಲಾಳಿ ಮುಂದೆ ಮಾತಾಡ್ತೀರಲ್ಲ," ಅಂತ ನಕ್ಕ. ಬೆಂಗಳೂರಿನವರ ತಮಾಷೆ ನಮಗೆ ತಿಳಿಯುವುದಿಲ್ಲ ಅಂದುಕೊಂಡು ನಾನೂ ನಕ್ಕೆ. ಇಬ್ಬರೂ ಕನ್ನಡವನ್ನೇ ಆಡಿದೆವು. ಉರಿದುಹೋಗಲಿ ಆ ಕನ್ನಡ.

ದೀಪಾವಳಿ ಹತ್ತಿರ ಬಂತು. ಮೊದಲಾಳಿ ಬೋನಸ್ ಪಟ್ಟಿಯನ್ನು ಹಳೇ ಪುಸ್ತಕದಲ್ಲೇ ಬರೆಸಲು ಶುರು ಮಾಡಿದರು. ಪ್ಯಾಕಿಂಗ್ ಮೂಲೆಯಲ್ಲಿ ಮೆಷಿನ್‌ಗಳ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹುಡುಕಿ ತಂದು ಸಾಲಾಗಿ ಇಟ್ಟಿದ್ದರು. ಸೋಮವಾರ ಸರಿಹೋಗದಿದ್ದರೆ ಎಲ್ಲ ತುಂಬಿ ಕಳಿಸುವುದು ಅಂತ ಆಯಿತು. ನನ್ನ ಕೆಲಸ ಹೋಗುತ್ತಿರಲಿಲ್ಲ, ಮೇಲಿನದು ಇರುತ್ತದಲ್ಲ. ಎರಡನೇ ಸೀಟು ಮಾತ್ರ ಇಲ್ಲ. ಆ ಪೆಟ್ಟಿಗೆಗಳ ಪಕ್ಕ ಹಾದು ಹೋಗುವಾಗೆಲ್ಲ ಕಾಲಲ್ಲಿ ಒದೆಯಬೇಕು ಅನ್ನಿಸುತ್ತಿತ್ತು. ಒಂದು ಸಲ ಒದ್ದೂಬಿಟ್ಟೆ.

ಭಾನುವಾರ ಮನೆಯಲ್ಲಿ ಹೊಸ ಹಾಸು ಬಂದಿತ್ತು. ಅಮ್ಮ, ಅಕ್ಕ, ನಾನು ಮೂವರೂ ಮಗ್ಗದ ಹತ್ತಿರ ಕೂತಿದ್ದೆವು. ಅಕ್ಕನ ಬೆರಳು ಎಳೆಯಿಂದ ಎಳೆಗೆ ಹೋಗುತ್ತಿದ್ದವು, ಅವಳು ಕೈ ನೋಡುತ್ತಲೂ ಇರಲಿಲ್ಲ. ಅವಳು ಕೆಚ್ಚಿದ ಜಾಗವನ್ನು ಅಮ್ಮನೂ ಹುಡುಕಲಾರಳು. ನನಗೆ ಇಂಜಿನಿಯರ್ ಮಾತು ನೆನಪಾಯಿತು. ಅವಳ ಮುಖ ಸ್ವಲ್ಪ ಅರಳಲಿ ಅಂತ ಹೇಳಿದೆ.

"ಆ ಬೆಂಗಳೂರಿನವನು ನಿನ್ನ ಕೆಚ್ಚು ಹೊಗಳಿದ ಕಣಕ್ಕಾ. ಮಗ್ಗದ ವಿಷಯ ಏನು ಹೇಳಿದೆ ಅವನಿಗೆ?"

"ಮಗ್ಗನಾ? ಮಗ್ಗದ ವಿಷಯ ಏನಕ್ಕೆ ಹೇಳಲಿ? ವೈರ್ ಕೆಚ್ಚಿದ್ದು ಹೇಳಿದೆ."

"ಯಾವ ವೈರು?"

"ಬೀರು ಹಿಂದಿನದು. ಆವತ್ತು ಬೀರು ಎಳೆದಾಗ ಅದರ ಕಾಲು ಹತ್ತಿ ಕತ್ತರಿಸಿಹೋಗಿತ್ತು. ಕೂತು ಕೆಚ್ಚಿದೆ." ಬೆರಳು ಆಡುತ್ತಲೇ ಇದ್ದವು. "ಒಳಗೆ ಒಂದು ತಾಮ್ರದ ಕಡ್ಡಿ, ಅದರ ಮೇಲೆ ಬಿಳೀದು, ಅದರ ಮೇಲೆ ತಾಮ್ರದ ಬಲೆ. ಎಷ್ಟು ಸಣ್ಣ ಎಳೆ ಅಂತೀಯ! ಒಂದೊಂದಕ್ಕೂ ಒಂದೊಂದು ಸೇರಿಸಿದೆ. ಜಾರ್ತಿತ್ತು, ಪೂಜೆ ತಟ್ಟೆಯಿಂದ ವಿಭೂತಿ ತಂದು ಮುಟ್ಟಿಸಿದೆ. ಮೇಲೆ ಅಲ್ಲೇ ಇದ್ದ ಟೇಪು ಸುತ್ತಿದೆ. ಗಂಟೇ ಇಲ್ಲ ಕಣೇ, ಕೈ ಆಡಿಸಿದರೂ ತಿಳಿಯಲ್ಲ."

ನನ್ನ ಕೈಯಲ್ಲಿದ್ದ ಎಳೆ ಬಿದ್ದುಹೋಯಿತು.

ಆಗ ಎಲ್ಲ ಒಂದೊಂದಾಗಿ ತಲೆಗೆ ಬಂತು. ಮೀಟರಿನ ಮುಳ್ಳು ಸರಿಯಾಗಿ ನಿಂತದ್ದು ಏಕೆ ಅಂತ ತಿಳಿಯಿತು. ಇಷ್ಟು ಒಳ್ಳೆಯ ಕೆಲಸವನ್ನು ಮುಳ್ಳು ತಾನೇ ಹೇಗೆ ಹಿಡಿದೀತು? ನೇರವಾಗಿ ಕರೆಂಟು ಹಾಯಿಸಿದರೆ ಹೋಗುತ್ತೆ. ಆದರೆ ಆ ವೈರಿನಲ್ಲಿ ಓಡುವ ಮಾತು ಅಷ್ಟು ಸೂಕ್ಷ್ಮ, ದಾರಿಯಲ್ಲಿ ಕೂದಲೆಳೆಯಷ್ಟು ಬದಲಾದರೂ ಅಲ್ಲಿಗೆ ಬಡಿದು ಹಿಂದಕ್ಕೆ ಬರುತ್ತೆ, ಮತ್ತೆ ಹೇಳಬೇಕಾಗುತ್ತೆ, ಮತ್ತೆ ಮತ್ತೆ. ವೈರಿಗೆ ಪೆಟ್ಟು ಬೀಳಬಾರದು, ಹರಿದರೆ ಅಂಟಿಸಬಾರದು ಅಂತ ಇಂಜಿನಿಯರ್ ಮೊದಲ ದಿನವೇ ನನಗೆ ಹೇಳಿದ್ದ. ನನಗೆ ಹೇಳಿದ್ದ, ಅಕ್ಕನಿಗಲ್ಲ.

"ನಿನಗೆ ತಲೆ ಇದೆಯೇನೇ!" ಅಂತ ಕಿರುಚಿದೆ. "ನನಗೆ ಒಂದು ಮಾತು ಹೇಳಬಾರದಾ?"

"ಎಳೆ ಹರಿದರೆ ಹೇಳ್ತಾರಾ ಯಾರಾದರೂ?"

ಅವಳು ಕೇಳಿದ್ದು ನಿಜವೇ. ನಮ್ಮ ಮನೆಯಲ್ಲಿ ಎಳೆ ಹರಿದರೆ ಯಾರು ಹರಿದದ್ದು ಅಂತ ಕೇಳುವ ಪದ್ಧತಿ ಇಲ್ಲ, ಹೇಳುವ ಪದ್ಧತಿಯೂ ಇಲ್ಲ. ಕಂಡವರು ಕೂತು ಕೆಚ್ಚಬೇಕು. ಹಾಗೇ ಬೆಳೆದವಳು ಅವಳು.

ನಾನು ಅಳುತ್ತಾ ಬೈಯುತ್ತಾ ವಿಷಯ ಹೇಳಿದೆ. ಅವಳು ಪೂರ್ತಿ ಕೇಳಿ, "ಗಂಟಿಲ್ಲವಲ್ಲೇ," ಅಂದಳು. ಮತ್ತೆ ಅಂದಳು, "ಗಂಟೇ ಇಲ್ಲವಲ್ಲೇ." ಅಮ್ಮ ಅವಳ ಕೈಯಿಂದ ಎಳೆ ತೆಗೆದುಕೊಂಡು ತಾನೇ ಕೆಚ್ಚತೊಡಗಿದಳು.

ಇನ್ನೂ ಕಾಲ ಮಿಂಚಿಲ್ಲ ಅಂತ ನಾನೇ ಧೈರ್ಯ ತಂದುಕೊಂಡೆ. ಬೆಳಿಗ್ಗೆ ಹೋಗಿ ಇಂಜಿನಿಯರಿಗೆ ಜಾಗ ಮಾತ್ರ ತೋರಿಸುವುದು, ಇಲಿ ಕಡಿದಿರಬೇಕು ಅನ್ನುವುದು, ಅವನು ಆ ತುಂಡು ಕತ್ತರಿಸಿ ಸರಿಯಾದ ಜೋಡಣೆ ಹಾಕುವುದು, ಮೆಷಿನ್ ಓಡುವುದು, ಸೀಟು ಬರುವುದು. ಅಕ್ಕನೂ ಬರುತ್ತೇನೆ ಅಂದಳು. "ಟೇಪು ಎಲ್ಲ ಕಡೆ ಇದೆ. ಜಾಗ ನಿನಗೆ ಸಿಗಲ್ಲ, ನಾನೇ ತೋರಿಸಬೇಕು," ಅಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಒಂದೇ ಮಾತು ಊದಿದೆ: ತೋರಿಸಿ ಹೊರಟುಬಿಡು, ಬಾಯಿ ಬಿಡಬೇಡ.

ಬೀರು ಎಳೆದೆವು. ಅಕ್ಕ ಬೆರಳಿಟ್ಟು ತೋರಿಸಿದಳು. ಇಂಜಿನಿಯರ್ ಟೇಪು ಬಿಚ್ಚಿ ನೋಡಿದ, ಕನ್ನಡಕ ತೆಗೆದು ನೋಡಿದ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬೂದಿ ಉದುರಿತು. ಬೆಪ್ಪಾಗಿ ಹೋದ.

"ಅಬ್ಬಾ! ಯಾರ್ರೀ ಇದನ್ನ ಮಾಡಿದ್ದು? ಯಂತ್ರದಲ್ಲೂ ಹೀಗೆ ಬರಲ್ಲ! ಸಾರ್, ಇಲ್ಲಿ ಬನ್ನಿ ಸಾರ್, ನೋಡಿ!"

ನಾನು ಇಲಿ ಅನ್ನಲು ಬಾಯಿ ತೆರೆದೆ. ಮೊದಲಾಳಿ ಮೆಟ್ಟಿಲು ಇಳಿದು ಬಂದರು. ಇಂಜಿನಿಯರ್ ಆ ತುಂಡನ್ನು ಅವರ ಅಂಗೈಗೆ ಇಟ್ಟು ಮತ್ತೆ ಕೇಳಿದ, ತಮಿಳು ಇಂಗ್ಲಿಷು ಬೆರೆಸಿ, ಯಾರು ಮಾಡಿದ್ದು ಇಷ್ಟು ಚೆನ್ನಾಗಿ ಅಂತ.

ಅವನ ದನಿಯಲ್ಲಿ ಹೊಗಳಿಕೆ ಇತ್ತು. ಎಷ್ಟು ದಿನವಾಗಿತ್ತೋ ಅಕ್ಕನನ್ನು ಯಾರಾದರೂ ಹೊಗಳಿ. ಗಂಡ ಬಿಟ್ಟ ಮೇಲೆ ಅವಳ ಕಿವಿಗೆ ಒಳ್ಳೆಯ ಮಾತೇ ಬಿದ್ದಿರಲಿಲ್ಲ. ಅವಳ ಮುಖ ನೋಡಿದೆ, ಗೊತ್ತಾಯಿತು, ಸೆರಗು ಹಿಡಿದು ಜಗ್ಗಿದೆ. ಅಷ್ಟರಲ್ಲಿ ಅಂದುಬಿಟ್ಟಿದ್ದಳು.

"ನಾನೇಂಗ."

ಮೊದಲಾಳಿ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರೂ ನೂಲಿನ ವ್ಯಾಪಾರದಲ್ಲೇ ಹುಟ್ಟಿ ಬೆಳೆದವರು, ಕೈ ನೋಡಿದರೆ ಗೊತ್ತಾಗುತ್ತೆ ಅವರಿಗೆ. ಆ ತುಂಡನ್ನು ಹೆಬ್ಬೆರಳಲ್ಲಿ ಸವರಿ ಸವರಿ ನೋಡಿದರು. "ಎಂಥಾ ಕೈ!" ಅಂದರು. ನಿಜವಾದ ಸಂತೋಷದಲ್ಲೇ ಅಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಅಮ್ಮುಣಿ, ಈ ಕೈ ನೂಲಿನ ಕೈ. ಇದನ್ನ ಮೆಷಿನ್ ಹತ್ತಿರ ಬಿಡಬಾರದು, ಮೆಷಿನ್ನಿಗೂ ಕೆಟ್ಟದು, ಕೈಗೂ ಕೆಟ್ಟದು. ಕೆಳಗೆ ಪಿಸಿರಿಗೆ ಹಾಕು. ಇವತ್ತೇ ಬರಲಿ."

ಪಿಸಿರು ಅಂದರೆ ಹೊಲಿದ ಬನಿಯನ್ನಿನ ಅಂಚಿನಲ್ಲಿ ಉಳಿಯುವ ನೂಲಿನ ತುಂಡು. ಹೆಂಗಸರು ಸಾಲಾಗಿ ನೆಲದ ಮೇಲೆ ಕೂತು ಸಣ್ಣ ಕತ್ತರಿಯಲ್ಲಿ ಅದನ್ನು ಕತ್ತರಿಸುತ್ತಾರೆ. ಅಲ್ಲಿ ಕುರ್ಚಿ ಇಲ್ಲ.

"ಸಾರ್, ಅವಳಿಗೆ ಕೀಬೋರ್ಡು ಬರುತ್ತೆ ಸಾರ್, ಕಣ್ಣು ಮುಚ್ಚಿ ಹೊಡೀತಾಳೆ," ಅಂದೆ. ನನ್ನ ದನಿ ನನಗೇ ಭಿಕ್ಷೆ ಬೇಡಿದ ಹಾಗೆ ಕೇಳಿತು. ಅವರು ಆಗಲೇ ಮೆಟ್ಟಿಲು ಹತ್ತುತ್ತಿದ್ದರು. ಅವರ ಲೆಕ್ಕದಲ್ಲಿ ಒಬ್ಬ ಹೆಂಗಸಿಗೆ ಉಪಕಾರ ಮಾಡಿ ಆಗಿತ್ತು.

ಅಕ್ಕ ಕೈ ಮುಗಿದು "ಸರಿಂಗ" ಅಂದಳು.

ಮಧ್ಯಾಹ್ನದ ಹೊತ್ತಿಗೆ ಇಂಜಿನಿಯರ್ ಹೊಸ ಜೋಡಣೆ ಹಾಕಿದ. ಕೆಳಗೆ ಹೆಸರು ಹೊಡೆದರೆ ಮೇಲೆ ಪಟ್ಟನೆ ಬಂತು. ಪ್ಯಾಕಿಂಗಿನವರು ಚಪ್ಪಾಳೆ ತಟ್ಟಿದರು. ಹೊರಡುವ ಮುಂಚೆ ಅವನು ನನ್ನ ಹತ್ತಿರ ಬಂದು ನಿಂತ. "ನಿಮ್ಮಕ್ಕ ಆವತ್ತೇ ಹೇಳಿದ್ರಲ್ವಾ? ನಮ್ಮ ಕಡೆ ಕೆಚ್ಚು ಅಂದ್ರೆ ಧೈರ್ಯ ಕಣ್ರೀ. ಹಾಗೇ ಅನ್ಕೊಂಡೆ," ಅಂದ. ನಾನು ಪರದೆಯ ಕಡೆ ತಿರುಗಿ ಮುಂದಿನ ಬಿಲ್ಲು ಹೊಡೆಯತೊಡಗಿದೆ.

ದೀಪಾವಳಿ ಆದ ಮೇಲೆ ಎರಡನೇ ಸೀಟು ಬಂತು. ನಮ್ಮ ಮ್ಯಾನೇಜರರ ಅಣ್ಣನ ಮಗಳು ಕೂತಳು. ಒಂದು ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಹೊಡೆಯುತ್ತಿದ್ದ ಅವಳಿಗೆ ಕಲಿಸುವ ಕೆಲಸ ನನ್ನ ಪಾಲಿಗೇ ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ನಮ್ಮ ತುತ್ತನ್ನು ನಾನೇ ಕಲೆಸಿ ಇನ್ನೊಬ್ಬಳ ಬಾಯಿಗೆ ಇಟ್ಟೆ. ರಟ್ಟನ್ನು ಅಕ್ಕ ಎಸೆಯಲಿಲ್ಲ, ಇಟ್ಟುಕೊಳ್ಳಲೂ ಇಲ್ಲ. ಮಳೆಗಾಲದಲ್ಲಿ ಅಮ್ಮ ಅದನ್ನು ಒಲೆ ಹಚ್ಚಲು ಹಾಕಿದಳು.

ನಾನು ಮದುವೆಯಾಗಿ ಬರುವ ತನಕ ಮಧ್ಯಾಹ್ನ ಇಬ್ಬರೂ ಒಟ್ಟಿಗೆ, ಆ ಮೆಟ್ಟಿಲ ಮೇಲೇ, ಡಬ್ಬಿ ಬಿಚ್ಚುತ್ತಿದ್ದೆವು. ಅವಳ ಗಂಡ ಎಲ್ಲಿ ಅಂತ ಪಿಸಿರಿನ ಹೆಂಗಸರು ಮೊದಲ ದಿನವೇ ಕೇಳಿದ್ದರು. ಅದನ್ನು ಅವಳು ನನಗೆ ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ಬೆರಳಿಗೆಲ್ಲ ನೂಲಿನ ಚೂರು ಅಂಟಿಸಿಕೊಂಡು ಬಂದು ಕೂರುತ್ತಿದ್ದಳು. ತಪ್ಪದೆ ಒಂದೇ ಮಾತು ಕೇಳುತ್ತಿದ್ದಳು.

"ಇವತ್ತು ಓಡ್ತಾ?"

"ಓಡ್ತಕ್ಕಾ."

"ಹಂಗಾದ್ರೆ ಸರಿ," ಅಂತ ಕೈ ಒರೆಸಿಕೊಂಡು ಅನ್ನಕ್ಕೆ ಕೈ ಹಾಕುತ್ತಿದ್ದಳು.